ಇಳಿಸಿದ ತೂಕ ನಿಲ್ಲುತ್ತಿಲ್ಲ, ತಪ್ಪು ನನ್ನದಾ?

ಪ್ರಶ್ನೆ: ನನಗೆ 39 ವರ್ಷ. ಕಚೇರಿಯಲ್ಲಿ ಕೆಲಸ. 11 ವರ್ಷದ ಮಗಳು, 6 ವರ್ಷದ ಮಗ ಇದ್ದಾರೆ. ಎರಡು ವರ್ಷದ ಹಿಂದೆ ನನ್ನ ತೂಕ 84 ಕೆ.ಜಿ. ಇತ್ತು. ರಕ್ತದ ಸಕ್ಕರೆ ಗಡಿಯಲ್ಲಿದೆ ಎಂದು ಡಾಕ್ಟರ್ ಹೇಳಿದ ಮೇಲೆ ಹಟ ಹಿಡಿದು ಒಂದು ವರ್ಷದಲ್ಲಿ 68ಕ್ಕೆ ಇಳಿಸಿದೆ. ಸಕ್ಕರೆಯೂ ಸರಿಹೋಯಿತು. ಕೆಲವು ತಿಂಗಳು ತೂಕ ಅಲ್ಲೇ ನಿಂತಿತ್ತು. ಐದು ತಿಂಗಳ ಹಿಂದೆ ಬಡ್ತಿ ಸಿಕ್ಕಿತು, ಕೆಲಸ ಹೆಚ್ಚಿತು. ಬೆಳಗಿನ ನಡಿಗೆ ನಿಂತುಹೋಯಿತು. ಈಗ 72 ಕೆ.ಜಿ.

ಮನೆಯವರಿಗೆ ಒಂದು ಅಡುಗೆ, ನನಗೆ ಬೇರೆ ಅಡುಗೆ ಮಾಡುತ್ತೇನೆ. ಮಧ್ಯಾಹ್ನ ಎಷ್ಟೋ ದಿನ ಊಟ ಬಿಡುತ್ತೇನೆ. ರಾತ್ರಿ ಏಳೂವರೆಗೆ ಮನೆಗೆ ಬಂದಾಗ ಕೈಕಾಲು ನಡುಗುವಷ್ಟು ಹಸಿವು. ಅಡುಗೆಮನೆಯಲ್ಲಿ ನಿಂತೇ ಸಿಕ್ಕಿದ್ದು ತಿನ್ನುತ್ತೇನೆ, ಮಗನ ತಟ್ಟೆಯಲ್ಲಿ ಉಳಿದದ್ದೂ ನನಗೇ. ಆಮೇಲೆ ನನ್ನ ಡಯಟ್ ಊಟ. ಮಲಗುವಾಗ ಹನ್ನೆರಡೂವರೆ, ಏಳುವುದು ಐದೂವರೆ. ದಿನಕ್ಕೆ ಎರಡು ಸಲ ತೂಕ ನೋಡಿ ಅಳು ಬರುತ್ತದೆ. ಯಜಮಾನರು ಒಳ್ಳೆಯವರೇ, ಆದರೆ ವಾರದ ಕೊನೆ ಹೊರಗಿನ ತಿಂಡಿ ತಂದೇ ತರುತ್ತಾರೆ. ಸಹೋದ್ಯೋಗಿಯೊಬ್ಬರು "ವಯಸ್ಸಾಯ್ತು, ಮೆಟಬಾಲಿಸಮ್ ಕೆಟ್ಟಿದೆ" ಎನ್ನುತ್ತಾರೆ. ಮತ್ತೆ 1,200 ಕ್ಯಾಲರಿ ಡಯಟ್ ಶುರು ಮಾಡಲೇ? ತೂಕದ ಇಂಜೆಕ್ಷನ್ ತೆಗೆದುಕೊಳ್ಳಲೇ? ಎಲ್ಲಕ್ಕಿಂತ ಚಿಂತೆಯಾಗಿದ್ದು, ಮೊನ್ನೆ ಮಗಳು "ಅಮ್ಮ, ನಾನೂ ದಪ್ಪ ಇದ್ದೀನಾ?" ಎಂದು ಕೇಳಿದ್ದು. ನನ್ನ ಶಿಸ್ತು ಎಲ್ಲಿ ತಪ್ಪಿತು?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು ಇದ್ದರೂ ಚಿಂತೆ ಒಂದೇ. ಇಷ್ಟು ಕಷ್ಟಪಟ್ಟು ಇಳಿಸಿದ್ದು ಪೂರ್ತಿ ವಾಪಸ್ ಬರುತ್ತದಾ, ಬಂದರೆ ಅದು ನನ್ನ ಸೋಲಾ ಅನ್ನುವುದು. ಆಹಾರ ಸಲಹೆಯ ಕೆಲಸದಲ್ಲಿ ನಾನು ಅತಿ ಹೆಚ್ಚು ಕೇಳುವ ಮಾತು ಇದೇ. ತೂಕ ಇಳಿಸಿಕೊಳ್ಳಲು ಬಂದವರಿಗಿಂತ, ಇಳಿಸಿದ ಮೇಲೆ ಹೆದರಿ ಬಂದವರ ಮುಖದಲ್ಲೇ ಹೆಚ್ಚು ಬಳಲಿಕೆ ಕಾಣುತ್ತದೆ.

ಮೊದಲು ಒಂದು ಒರಟು ಲೆಕ್ಕ ಹಾಕೋಣ. ದೇಹದ ಒಂದು ಕೆ.ಜಿ. ಕೊಬ್ಬು ಎಂದರೆ ಸುಮಾರು 7,700 ಕ್ಯಾಲರಿ. ಐದು ತಿಂಗಳಲ್ಲಿ 4 ಕೆ.ಜಿ. ಏರಿದೆ ಎಂದರೆ ದಿನಕ್ಕೆ ಹೆಚ್ಚಾದದ್ದು ಸುಮಾರು 200 ಕ್ಯಾಲರಿ, ಅಷ್ಟೇ. ಮಗ ಬಿಟ್ಟ ಅರ್ಧ ತಟ್ಟೆ, ಅಡುಗೆ ಮಾಡುತ್ತಾ ಬಾಯಿಗೆ ಹಾಕಿಕೊಂಡ ನಾಲ್ಕು ತುತ್ತು, ನಿಂತುಹೋದ ಬೆಳಗಿನ ನಡಿಗೆ. 200 ತಲುಪಲು ಇಷ್ಟು ಧಾರಾಳವಾಗಿ ಸಾಕು. ಇದು ಹೊಟ್ಟೆಬಾಕತನವಲ್ಲ, ಶಿಸ್ತು ಕುಸಿದದ್ದೂ ಅಲ್ಲ. ದಿನಚರಿ ಬದಲಾಯಿತು, ಅದಕ್ಕೆ ತಕ್ಕಂತೆ ಊಟದ ಏರ್ಪಾಡು ಬದಲಾಗಲಿಲ್ಲ.

ಇನ್ನೊಂದು ಲೆಕ್ಕವೂ ಇದೆ. 84ರಿಂದ 72 ಎಂದರೆ ನೀವು ಇವತ್ತಿಗೂ ಮೊದಲಿನ ತೂಕಕ್ಕಿಂತ ಶೇ. 14ರಷ್ಟು ಕೆಳಗಿದ್ದೀರಿ. ನಿಮ್ಮ ಹಾಗೆಯೇ ಸಕ್ಕರೆ ಗಡಿಯಲ್ಲಿದ್ದ 3,234 ಜನರ ಮೇಲೆ ಅಮೆರಿಕದಲ್ಲಿ ನಡೆದ ಮಧುಮೇಹ ತಡೆ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ಅದರಲ್ಲಿ ಆಹಾರ ಮತ್ತು ನಡಿಗೆಯ ಗುಂಪಿಗೆ ಇಟ್ಟಿದ್ದ ಗುರಿ ಶೇ. 7ರಷ್ಟು ತೂಕ ಇಳಿಸುವುದು, ವಾರಕ್ಕೆ 150 ನಿಮಿಷ ಓಡಾಡುವುದು. ಅಷ್ಟಕ್ಕೇ ಆ ಗುಂಪಿನಲ್ಲಿ ಮಧುಮೇಹ ಬರುವುದು ಶೇ. 58ರಷ್ಟು ಕಡಿಮೆಯಾಯಿತು. ನೀವು ಅದರ ಎರಡರಷ್ಟು ಇಳಿಸಿ ಇಟ್ಟುಕೊಂಡಿದ್ದೀರಿ. ತೂಕದ ಮೆಷಿನ್ ಮೇಲೆ ನಿಂತು ಅಳು ಬಂದಾಗ ಇದೂ ನೆನಪಿರಲಿ.

ಈಗ ಸಹೋದ್ಯೋಗಿಯ ಮಾತಿಗೆ ಬರೋಣ. "ವಯಸ್ಸಾಯ್ತು, ಮೆಟಬಾಲಿಸಮ್ ಬಿತ್ತು" ಅನ್ನುವುದು ಎಲ್ಲರೂ ನಂಬಿರುವ ಮಾತು. 2021ರಲ್ಲಿ ಸುಮಾರು 6,400 ಜನರ, ಎಂಟು ದಿನದ ಕೂಸಿನಿಂದ 95 ವರ್ಷದವರವರೆಗಿನ, ಶಕ್ತಿಯ ಖರ್ಚನ್ನು ಅಳೆದ ದೊಡ್ಡ ಅಧ್ಯಯನ ಪ್ರಕಟವಾಯಿತು. ದೇಹದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡು ನೋಡಿದರೆ 20ರಿಂದ 60ನೇ ವಯಸ್ಸಿನವರೆಗೆ ಆ ಖರ್ಚು ಹೆಚ್ಚುಕಡಿಮೆ ಒಂದೇ ಸಮ ಇತ್ತು. ಹಾಗಾಗಿ ನಿಮ್ಮ 39ನೇ ವಯಸ್ಸನ್ನು ದೂರಬೇಡಿ.

ಆದರೆ ಆ ಮಾತಿನಲ್ಲಿ ಒಂದು ಎಳೆ ನಿಜವೂ ಇದೆ. ಅದಕ್ಕೆ ವಯಸ್ಸು ಕಾರಣ ಅಲ್ಲ, ತೂಕ ಇಳಿದದ್ದು ಕಾರಣ. ಸಣ್ಣ ದೇಹಕ್ಕೆ ಕಡಿಮೆ ಶಕ್ತಿ ಸಾಕು, ಇದು ಎಲ್ಲರಿಗೂ ಗೊತ್ತು. ಅದರ ಮೇಲೆ ದೇಹ ತಾನಾಗಿಯೇ ಇನ್ನಷ್ಟು ಉಳಿತಾಯ ಮಾಡುತ್ತದೆ. ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ಸರಾಸರಿ 58 ಕೆ.ಜಿ. ಇಳಿಸಿದ್ದ 14 ಮಂದಿಯನ್ನು ಆರು ವರ್ಷದ ನಂತರ ಪರೀಕ್ಷಿಸಿದ ವರದಿ 2016ರಲ್ಲಿ ಬಂತು. ಅವರ ದೇಹ ಸುಮ್ಮನೆ ಕೂತಾಗ ಖರ್ಚು ಮಾಡುತ್ತಿದ್ದ ಶಕ್ತಿ, ಅದೇ ಗಾತ್ರದ ದೇಹಕ್ಕೆ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆ ಇತ್ತು. ಇಳಿಸಿದ್ದರಲ್ಲಿ ಸರಾಸರಿ 41 ಕೆ.ಜಿ. ವಾಪಸ್ ಬಂದಿತ್ತು. ಇದನ್ನು ಓದಿ ಗಾಬರಿಯಾಗಬೇಡಿ. ಅವರು ಕೆಲವೇ ತಿಂಗಳಲ್ಲಿ ವಿಪರೀತ ವ್ಯಾಯಾಮ, ವಿಪರೀತ ಪಥ್ಯ ಮಾಡಿ ಅಷ್ಟೊಂದು ಇಳಿಸಿದವರು. ನೀವು ಒಂದು ವರ್ಷ ತೆಗೆದುಕೊಂಡು 16 ಕೆ.ಜಿ. ಇಳಿಸಿದ್ದೀರಿ. ನಿಮ್ಮಲ್ಲಿ ಈ ಉಳಿತಾಯ ಅಷ್ಟು ತೀವ್ರವಾಗಿರುವ ಸಾಧ್ಯತೆ ಕಡಿಮೆ.

ನಿಜವಾದ ಎದುರಾಳಿ ಬೇರೆ ಇದೆ. ಅದು ಹಸಿವು. ತೂಕ ಇಳಿದ ಮೇಲೆ ಹಸಿವು ಎಷ್ಟು ಏರುತ್ತದೆ ಎಂದು 2016ರಲ್ಲಿ ಅಮೆರಿಕದ ವಿಜ್ಞಾನಿಗಳು ಅಂದಾಜು ಮಾಡಿದರು. ಕಳೆದ ಒಂದೊಂದು ಕೆ.ಜಿ.ಗೂ ದೇಹದ ಖರ್ಚು ದಿನಕ್ಕೆ 20ರಿಂದ 30 ಕ್ಯಾಲರಿ ಇಳಿದರೆ, ತಿನ್ನಬೇಕೆಂಬ ಒತ್ತಡ ಸುಮಾರು 100 ಕ್ಯಾಲರಿಯಷ್ಟು ಏರುತ್ತದೆ. ಹಸಿವಿನ ಪಾಲು ಮೂರ್ನಾಲ್ಕು ಪಟ್ಟು ದೊಡ್ಡದು! ಇದಕ್ಕೂ ಮೊದಲು, 2011ರಲ್ಲಿ, ಆಸ್ಟ್ರೇಲಿಯಾದ ಸಂಶೋಧಕರು 50 ಜನರಿಗೆ 10 ವಾರ ಕಟ್ಟುನಿಟ್ಟಿನ ಡಯಟ್ ಕೊಟ್ಟು ಅವರ ಹಾರ್ಮೋನುಗಳನ್ನು ಅಳೆದರು. ಹೊಟ್ಟೆ ತುಂಬಿತು ಎಂದು ಹೇಳುವ ಲೆಪ್ಟಿನ್ ತಗ್ಗಿತ್ತು, ಹಸಿವು ಎಬ್ಬಿಸುವ ಗ್ರೆಲಿನ್ ಏರಿತ್ತು. ಒಂದು ವರ್ಷ ಕಳೆದ ಮೇಲೂ ಅವು ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ.

ಅಂದರೆ ನಿಮ್ಮೊಳಗೆ ಹಸಿವಿನ ಒಂದು ಒತ್ತಡ ದಿನವೂ ಇರುತ್ತದೆ. ಹೊತ್ತಿಗೆ ಸರಿಯಾಗಿ ಊಟ, ಒಳ್ಳೆ ನಿದ್ದೆ, ನೆಮ್ಮದಿ ಇದ್ದಾಗ ಅದು ತೆಪ್ಪಗಿರುತ್ತದೆ. ಇವು ಮೂರೂ ತಪ್ಪಿದ ಕಡೆ ಎದ್ದು ಬರುತ್ತದೆ. ನಿಮ್ಮ ಮಟ್ಟಿಗೆ ಅದು ಏಳುವ ಹೊತ್ತು ರಾತ್ರಿ ಏಳೂವರೆ, ಜಾಗ ಅಡುಗೆಮನೆ. ನಾನು ಉಳಿದೆಲ್ಲದಕ್ಕಿಂತ ಮೊದಲು ಕೈ ಹಾಕುವುದು ಅಲ್ಲಿಗೇ.

ಏಳೂವರೆಯ ಸಮಸ್ಯೆ ಶುರುವಾಗುವುದು ಮಧ್ಯಾಹ್ನ ಒಂದು ಗಂಟೆಗೆ. ಊಟ ಬಿಟ್ಟಾಗ ಕ್ಯಾಲರಿ ಉಳಿಸಿದೆ ಅನಿಸುತ್ತದೆ, ಅಲ್ವಾ? ಸಂಜೆಗೆ ಅದನ್ನು ಬಡ್ಡಿ ಸಮೇತ ತಿಂದಿರುತ್ತೇವೆ, ಅದೂ ಗಮನ ಇಲ್ಲದೆ. ಕೈ ನಡುಗುವಷ್ಟು ಹಸಿದವರ ಮುಂದೆ ತರಕಾರಿ ಮತ್ತು ಕರಿದ ತಿಂಡಿ ಎರಡೂ ಇದ್ದರೆ ಕೈ ಎತ್ತ ಹೋಗುತ್ತದೆ ಎಂದು ಹೇಳಬೇಕಾಗಿಲ್ಲ. ಎಂಥ ಗಟ್ಟಿ ಮನಸ್ಸಿನವರೂ ಆ ಹೊತ್ತಿನಲ್ಲಿ ಸೋಲುತ್ತಾರೆ. ಹಾಗಾಗಿ ಸಂಯಮ ತಂದುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಆ ಹೊತ್ತಿಗೆ ಅಷ್ಟು ಹಸಿದು ಮನೆಗೆ ಬರದ ಹಾಗೆ ನೋಡಿಕೊಳ್ಳಿ ಎನ್ನುತ್ತೇನೆ.

ಮಧ್ಯಾಹ್ನದ ಊಟವನ್ನು ಕಚೇರಿಯ ಕ್ಯಾಲೆಂಡರಿನಲ್ಲಿ ಮೀಟಿಂಗ್ ಹಾಕುವ ಹಾಗೆ ಹಾಕಿ. ಇಪ್ಪತ್ತು ನಿಮಿಷ ಸಾಕು. ಬಡ್ತಿ ಸಿಕ್ಕ ಹೊಸದರಲ್ಲಿ "ಊಟಕ್ಕೆ ಹೋಗುತ್ತೇನೆ" ಎನ್ನಲು ಎಷ್ಟೋ ಹೆಣ್ಣುಮಕ್ಕಳಿಗೆ ಸಂಕೋಚ. ನಿಮ್ಮ ಕೈಕೆಳಗೆ ಈಗ ನಾಲ್ಕು ಜನ ಇದ್ದಾರೆಂದರೆ ನೀವು ಊಟಕ್ಕೆ ಎದ್ದಾಗ ಅವರಿಗೂ ಎದ್ದು ಹೋಗಲು ಧೈರ್ಯ ಬರುತ್ತದೆ. ಆ ಊಟದಲ್ಲಿ ಪ್ರೋಟೀನ್ ಇರಲೇಬೇಕು. ಬೇಳೆಕಾಳು, ಮೊಟ್ಟೆ, ಮೀನು, ಹಾಲಿನ ಪದಾರ್ಥ, ನಿಮಗೆ ಒಗ್ಗುವುದು ಯಾವುದಾದರೂ ಸರಿ. ಜೊತೆಗೆ ಕೈತುಂಬ ತರಕಾರಿ. ಇದು ಸುಮ್ನೆ ಹೇಳುವ ಮಾತಲ್ಲ. ಯುರೋಪಿನ ಎಂಟು ದೇಶಗಳಲ್ಲಿ, ಆಗಷ್ಟೇ ತೂಕ ಇಳಿಸಿದ್ದ 773 ಜನರನ್ನು ಬೇರೆ ಬೇರೆ ಆಹಾರ ಕ್ರಮಗಳಿಗೆ ಹಂಚಿ ನೋಡಿದರು. ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಸ್ವಲ್ಪ ಹೆಚ್ಚು ಪ್ರೋಟೀನ್, ರಕ್ತದ ಸಕ್ಕರೆಯನ್ನು ನಿಧಾನವಾಗಿ ಏರಿಸುವ ಧಾನ್ಯ ಮತ್ತು ಕಾಳು ತಿಂದ ಗುಂಪೇ ತೂಕವನ್ನು ಚೆನ್ನಾಗಿ ಹಿಡಿದಿಟ್ಟುಕೊಂಡಿತು. ನಿಮ್ಮ ತೂಕಕ್ಕೆ ದಿನವಿಡೀ ಸೇರಿ 70ರಿಂದ 85 ಗ್ರಾಂ ಪ್ರೋಟೀನ್ ಗುರಿ ಇಡಬಹುದು. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಇನ್ನು ಸಂಜೆ ಐದೂವರೆ ಹೊತ್ತಿಗೆ ಏನಾದರೂ ತಿನ್ನಿ. ಒಂದು ಹಣ್ಣು, ಒಂದು ಹಿಡಿ ಹುರಿದ ಕಾಳು ಅಥವಾ ಒಂದು ಬಟ್ಟಲು ಮೊಸರು. "ಮತ್ತೆ ತಿನ್ನಬೇಕಾ?" ಎಂದು ಅಚ್ಚರಿಪಡುವವರು ಬಹಳ. ಈ 150 ಕ್ಯಾಲರಿ, ಏಳೂವರೆಯ 500 ಕ್ಯಾಲರಿಯನ್ನು ತಡೆಯುತ್ತದೆ. ನಾನು ಕೊಡುವ ಸಲಹೆಗಳಲ್ಲಿ ಅತಿ ಬೇಗ ಫಲ ಕಂಡದ್ದು ಯಾವುದು ಎಂದು ಕೇಳಿದರೆ ಇದನ್ನೇ ಹೇಳುತ್ತೇನೆ.

ರಾತ್ರಿ ಏಳರ ಮೇಲೆ ತಿಂದದ್ದೆಲ್ಲ ಕೊಬ್ಬಾಗುತ್ತದೆ ಎಂಬ ಮಾತನ್ನೂ ನೀವು ಕೇಳಿರಬಹುದು. ಹಾಗೇನಿಲ್ಲ. ತೀರಾ ತಡವಾದರೆ ಹಸಿವು, ನಿದ್ದೆ ಎರಡೂ ಏರುಪೇರಾಗಬಹುದು, ಆದರೆ ಎಂಟಕ್ಕೆ ಮಕ್ಕಳ ಜೊತೆ ಕೂತು ಉಂಡರೆ ಏನೂ ಕೆಡುವುದಿಲ್ಲ. ಬೆಳಗಿನ ತಿಂಡಿಯೂ ಅಷ್ಟೇ. ಹಸಿವಾದರೆ ತಿನ್ನಿ, ಆಗದಿದ್ದರೆ ಸ್ವಲ್ಪ ತಡವಾಗಿ ತಿನ್ನಿ.

ಈಗ ಎರಡು ಅಡುಗೆಯ ವಿಷಯ. ಇದನ್ನು ಇವತ್ತೇ ನಿಲ್ಲಿಸಿ ಎಂದು ಕೇಳಿಕೊಳ್ಳುತ್ತೇನೆ. ಒಂದು ವರ್ಷ ನಿಮ್ಮನ್ನು ಕಾಪಾಡಿದ ಪದ್ಧತಿ ಅದು, ಒಪ್ಪುತ್ತೇನೆ. ಆದರೆ ಜೀವನಪೂರ್ತಿ ಹಾಗೆ ನಡೆಸಲು ಆಗುವುದಿಲ್ಲ. ಸಮಯ ಹಾಳು, ಸುಸ್ತು ಜಾಸ್ತಿ. ಮೇಲಾಗಿ, ಮನೆಯವರದ್ದು ರುಚಿಯ ಊಟ, ನಿಮ್ಮದು ಶಿಕ್ಷೆಯ ಊಟ ಎಂಬ ಭಾವನೆ ದಿನವೂ ಗಟ್ಟಿಯಾಗುತ್ತದೆ. ಶಿಕ್ಷೆ ಎನಿಸಿದ್ದನ್ನು ಯಾರೂ ಹತ್ತು ವರ್ಷ ಪಾಲಿಸುವುದಿಲ್ಲ. ಅಡುಗೆ ಒಂದೇ ಇರಲಿ, ಬಡಿಸಿಕೊಳ್ಳುವ ಪ್ರಮಾಣ ಮಾತ್ರ ಬೇರೆಯಾಗಲಿ. ನಿಮ್ಮ ತಟ್ಟೆಯಲ್ಲಿ ಅರ್ಧ ಭಾಗ ತರಕಾರಿ, ಕಾಲು ಭಾಗ ಪ್ರೋಟೀನ್, ಕಾಲು ಭಾಗ ಧಾನ್ಯದ ಪದಾರ್ಥ. ಬೆಳೆಯುವ ಮಗನ ತಟ್ಟೆಯಲ್ಲಿ ಧಾನ್ಯ, ಎಣ್ಣೆ, ಹಾಲು ಹೆಚ್ಚಿರಲಿ. ಅಡುಗೆಗೆ ಸುರಿಯುವ ಎಣ್ಣೆಯನ್ನು ಒಟ್ಟಾರೆ ಚಮಚದಲ್ಲಿ ಅಳೆದು ಹಾಕಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲರಿ ಇರುತ್ತದೆ, ಕಣ್ಣಳತೆಯಲ್ಲಿ ಎರಡು ಚಮಚ ಹೆಚ್ಚು ಬೀಳುವುದು ತೀರಾ ಸುಲಭ.

ಮಗನ ತಟ್ಟೆಯಲ್ಲಿ ಉಳಿದದ್ದನ್ನು ಎಸೆಯಲು ಮನಸ್ಸು ಬರುವುದಿಲ್ಲ, ಅರ್ಥವಾಗುತ್ತದೆ. ಅವನಿಗೆ ಮೊದಲು ಸ್ವಲ್ಪವೇ ಬಡಿಸಿ, ಬೇಕೆಂದರೆ ಮತ್ತೆ ಹಾಕಿ. ಪಾತ್ರೆಯಲ್ಲಿ ಮಿಕ್ಕಿದ್ದನ್ನು ಎತ್ತಿಡಬಹುದು, ತಟ್ಟೆಯಲ್ಲಿ ಮಿಕ್ಕಿದ್ದು ಅಮ್ಮನ ಹೊಟ್ಟೆಗೇ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ತಾಯಂದಿರ ತೂಕಕ್ಕೆ ಇದು ಸೇರಿಸುವಷ್ಟನ್ನು ಹಬ್ಬದೂಟವೂ ಸೇರಿಸುವುದಿಲ್ಲ ಎಂಬುದು ನನ್ನ ಅನುಭವ.

ಮಗಳ ಪ್ರಶ್ನೆಯ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಯಾಕೆಂದರೆ ನಿಮ್ಮ 4 ಕೆ.ಜಿ.ಗಿಂತ ಇದು ಮುಖ್ಯ. 11 ವರ್ಷ ಎಂದರೆ ದೇಹ ಬದಲಾಗುವ ಹೊತ್ತು. ಮೈ ತುಂಬಿಕೊಳ್ಳುವುದು, ಎತ್ತರಕ್ಕಿಂತ ಮೊದಲು ತೂಕ ಏರುವುದು ಈ ವಯಸ್ಸಿನಲ್ಲಿ ಸಹಜ. ಅದೇ ಹೊತ್ತಿನಲ್ಲಿ ಅಮ್ಮ ದಿನಕ್ಕೆ ಎರಡು ಸಲ ತೂಕ ನೋಡಿ ಮುಖ ಸಣ್ಣ ಮಾಡುವುದನ್ನು, ತನಗೆ ಮಾತ್ರ ಬೇರೆ ಬಡಿಸಿಕೊಳ್ಳುವುದನ್ನು ಅವಳು ನೋಡುತ್ತಿದ್ದಾಳೆ. ನೀವು ಅವಳಿಗೆ ಏನೂ ಹೇಳದಿದ್ದರೂ ಅವಳು ಕಲಿಯುತ್ತಿದ್ದಾಳೆ. ನಿಮ್ಮನ್ನು ನೋಯಿಸಲು ಇದನ್ನು ಹೇಳುತ್ತಿಲ್ಲ. ಇದು ಸರಿಪಡಿಸಲು ಬಹಳ ಸುಲಭ ಎಂದು ಗೊತ್ತಿರುವುದರಿಂದ ಹೇಳುತ್ತಿದ್ದೇನೆ.

"ನಾನೂ ದಪ್ಪ ಇದ್ದೀನಾ?" ಎಂದಾಗ "ಛೆ, ಇಲ್ಲ ಬಿಡು" ಎಂದು ಮಾತು ಮುಗಿಸಿಬಿಟ್ಟರೆ, ದಪ್ಪ ಇರುವುದು ಕೆಟ್ಟದ್ದು, ಸದ್ಯ ನಾನು ತಪ್ಪಿಸಿಕೊಂಡೆ ಎಂದು ಅವಳು ತಿಳಿಯುತ್ತಾಳೆ. ಅದರ ಬದಲು "ಯಾರಾದರೂ ಏನಾದರೂ ಅಂದ್ರಾ?" ಎಂದು ಕೇಳಿ. ಶಾಲೆಯಲ್ಲಿ ಯಾರೋ ಆಡಿಕೊಂಡಿರಬಹುದು. ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ "ನಿನ್ನ ಮೈ ಬೆಳೀತಿದೆ ಪುಟ್ಟಾ, ಈ ವಯಸ್ಸಲ್ಲಿ ಹೀಗೇ ಆಗಬೇಕು. ನನಗೆ ಸಕ್ಕರೆ ಕಾಯಿಲೆ ಬರಬಾರದು ಅಂತ ನಾನು ಊಟ ನೋಡ್ಕೋತೀನಿ, ಅಷ್ಟೇ" ಎನ್ನಿ. ಇದು ನಿಜವೂ ಹೌದು. ಅವಳ ಎದುರು ನಿಮ್ಮ ಮೈಯನ್ನು ಹಳಿದುಕೊಳ್ಳಬೇಡಿ, ಬೇರೆಯವರ ಮೈಯನ್ನೂ ಬೇಡ. ತೂಕದ ಮೆಷಿನನ್ನು ಎಲ್ಲರೂ ಓಡಾಡುವ ಜಾಗದಿಂದ ನಿಮ್ಮ ಕೋಣೆಗೆ ಒಯ್ಯಿರಿ.

ಹಾಗೆಯೇ ಮಕ್ಕಳಿಗೆ ಯಾವ ತಿಂಡಿಯನ್ನೂ "ಕೆಟ್ಟದ್ದು" ಎಂದು ನಿಷೇಧಿಸಬೇಡಿ. ಕಣ್ಣೆದುರೇ ಇಟ್ಟು ಮುಟ್ಟಬೇಡ ಎಂದ ತಿಂಡಿಯ ಮೇಲೆ ಚಿಕ್ಕ ಮಕ್ಕಳಿಗೆ ಆಸೆ ಇನ್ನೂ ಹೆಚ್ಚುತ್ತದೆ ಎಂದು 1999ರಷ್ಟು ಹಿಂದೆಯೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಏನು, ಯಾವಾಗ, ಎಲ್ಲಿ ಬಡಿಸಬೇಕು ಎನ್ನುವುದು ದೊಡ್ಡವರ ಕೆಲಸ. ಎಷ್ಟು ತಿನ್ನಬೇಕು ಎನ್ನುವುದನ್ನು ಮಗುವಿಗೇ ಬಿಡಿ. ಮಕ್ಕಳ ಆಹಾರದ ಬಗ್ಗೆ ಕೆಲಸ ಮಾಡುವ ನಮ್ಮಲ್ಲಿ ಬಹುತೇಕರು ಒಪ್ಪುವ ಸೂತ್ರ ಇದು. ಮಗಳು ಊಟ ಬಿಡಲು ಶುರು ಮಾಡಿದರೆ, ಗುಟ್ಟಾಗಿ ತಿಂದರೆ, ಊಟವಾದ ಕೂಡಲೇ ಬಚ್ಚಲಿಗೆ ಹೋಗುತ್ತಿದ್ದರೆ ತಡ ಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ.

ಯಜಮಾನರ ವಾರಾಂತ್ಯದ ತಿಂಡಿ ನನಗೆ ದೊಡ್ಡ ಸಮಸ್ಯೆಯಾಗಿ ಕಾಣುವುದಿಲ್ಲ. ಅವರು ಪ್ರೀತಿಯಿಂದ ತರುತ್ತಾರೆ, ಮಕ್ಕಳಿಗೂ ಖುಷಿ. ಒಂದು ಹೊತ್ತು ಎಂದು ನಿಗದಿ ಮಾಡಿಕೊಳ್ಳಿ, ಕೂತು, ರುಚಿ ನೋಡಿ, ಎಲ್ಲರ ಜೊತೆ ತಿನ್ನಿ. ತೊಂದರೆ ಆಗುವುದು ಮಿಕ್ಕಿದ ಪೊಟ್ಟಣ ಸೋಮವಾರದಿಂದ ಅಡುಗೆಮನೆಯ ಕಟ್ಟೆ ಮೇಲೆ ಕೂತಾಗ. ಕಾರ್ಖಾನೆಯಲ್ಲಿ ತಯಾರಾದ ಪೊಟ್ಟಣದ ತಿಂಡಿಗಳನ್ನು ಮಿತಿಯಲ್ಲಿ ತಿನ್ನುವುದು ಕಷ್ಟ. 2019ರಲ್ಲಿ 20 ಜನರನ್ನು ಅಮೆರಿಕದ ಆಸ್ಪತ್ರೆಯೊಂದರಲ್ಲಿ ಇಟ್ಟು ಎರಡು ವಾರ ಹೀಗೆ ತಯಾರಾದ ಆಹಾರ, ಎರಡು ವಾರ ಸಾದಾ ಆಹಾರ ಕೊಟ್ಟರು. ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡರಲ್ಲೂ ಸಮನಾಗಿತ್ತು, ಬೇಕಾದಷ್ಟು ತಿನ್ನಬಹುದಿತ್ತು. ಕಾರ್ಖಾನೆಯ ಆಹಾರ ಕೊಟ್ಟಾಗ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲರಿ ಜಾಸ್ತಿ ತಿಂದರು. ಹಾಗಾಗಿ ಬೇಡ ಎನ್ನುವ ಜಗಳಕ್ಕಿಂತ, ಆ ಹೊತ್ತಿಗೆ ಬೇಕಾದಷ್ಟೇ ತನ್ನಿ ಎನ್ನುವ ಒಪ್ಪಂದ ಒಳ್ಳೆಯದು.

ಅವರನ್ನು ಇನ್ನೊಂದು ಕೆಲಸಕ್ಕೆ ಹಚ್ಚಿ. ವಾರದಲ್ಲಿ ಮೂರು ಸಂಜೆ ತರಕಾರಿ ಹೆಚ್ಚುವುದು, ಮಕ್ಕಳಿಗೆ ಬಡಿಸುವುದು ಅವರ ಪಾಲಿಗೆ ಬರಲಿ. "ಸಹಾಯ ಮಾಡಿ" ಎಂದರೆ ಏನೂ ಆಗುವುದಿಲ್ಲ. ಯಾವ ದಿನ, ಯಾವ ಕೆಲಸ ಎಂದು ಹೆಸರಿಟ್ಟು ಹೇಳಬೇಕು. ನೀವು ಮನೆಗೆ ಬಂದ ಕೂಡಲೇ ಅಡುಗೆಮನೆಗೆ ಹೋಗದೆ ಹತ್ತು ನಿಮಿಷ ಕೂರುವ ಹಾಗಾದರೆ, ನಿಂತು ತಿನ್ನುವುದು ಅರ್ಧ ತಾನಾಗೇ ನಿಲ್ಲುತ್ತದೆ. ಇಳಿಸಿದ ತೂಕ ಉಳಿಯಬೇಕಾದರೆ ಮನೆಯ ಕೆಲಸ ಹಂಚಿಕೆಯಾಗಲೇಬೇಕು. ಇದನ್ನು ನಾನು ತಟ್ಟೆಯ ಲೆಕ್ಕದಷ್ಟೇ ಗಟ್ಟಿಯಾಗಿ ನಂಬುತ್ತೇನೆ.

ಹಂಚಿಕೆಯಿಂದ ಉಳಿದ ಹೊತ್ತನ್ನು ನಿದ್ದೆಗೆ ಕೊಡಿ. ನೀವು ಐದು ಗಂಟೆ ಮಲಗುತ್ತಿದ್ದೀರಿ. 2004ರಲ್ಲಿ 12 ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟು ನೋಡಿದಾಗ ಲೆಪ್ಟಿನ್ ಶೇ. 18ರಷ್ಟು ಇಳಿಯಿತು, ಗ್ರೆಲಿನ್ ಶೇ. 28ರಷ್ಟು ಏರಿತು. ಸಿಹಿ ಮತ್ತು ಹಿಟ್ಟಿನ ತಿಂಡಿಗಳ ಮೇಲೆ ಆಸೆ ಹೆಚ್ಚಿತು. ತೂಕ ಇಳಿಸಿದ ದೇಹದಲ್ಲಿ ಇವೇ ಎರಡು ಹಾರ್ಮೋನುಗಳು ಮೊದಲೇ ಅದೇ ದಿಕ್ಕಿನಲ್ಲಿ ವಾಲಿರುತ್ತವೆ. ನೀವು ಅದರ ಮೇಲೆ ನಿದ್ದೆಗೇಡನ್ನು ಹೇರುತ್ತಿದ್ದೀರಿ. ನಡಿಗೆಗೆಂದು ಐದಕ್ಕೆ ಏಳುವುದೋ, ಇನ್ನೊಂದು ಗಂಟೆ ಮಲಗುವುದೋ ಎಂದು ಕೇಳಿದರೆ, ನಿಮ್ಮ ಈಗಿನ ಸ್ಥಿತಿಯಲ್ಲಿ ನಾನು ಮಲಗಿ ಎನ್ನುತ್ತೇನೆ.

ಹಾಗಾದರೆ ನಡಿಗೆ? ತೂಕ ಇಳಿಸುವಾಗ ವ್ಯಾಯಾಮದ ಪಾಲು ಸಣ್ಣದು, ಇಳಿದದ್ದನ್ನು ಉಳಿಸುವಾಗ ದೊಡ್ಡದು. ಅಮೆರಿಕದಲ್ಲಿ 1994ರಿಂದ ಒಂದು ರಾಷ್ಟ್ರೀಯ ದಾಖಲೆ ಇದೆ. ಕನಿಷ್ಠ 13.6 ಕೆ.ಜಿ. ಇಳಿಸಿ ಒಂದು ವರ್ಷವಾದರೂ ಉಳಿಸಿಕೊಂಡವರು ಅದರಲ್ಲಿ ಹೆಸರು ಬರೆಸಬಹುದು. ಅಂಥವರಲ್ಲಿ ಹತ್ತಕ್ಕೆ ಒಂಬತ್ತು ಜನ ದಿನಕ್ಕೆ ಸರಾಸರಿ ಒಂದು ಗಂಟೆ ಮೈ ದಣಿಸುತ್ತಾರೆ. ಈ ಸಂಖ್ಯೆ ನೋಡಿ ಎದೆ ಒಡೆದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಾರಕ್ಕೆ 150ರಿಂದ 300 ನಿಮಿಷ ಎಂದು ಹೇಳಿದಾಗ, ಒಂದು ಸಲಕ್ಕೆ ಕನಿಷ್ಠ ಹತ್ತು ನಿಮಿಷವಾದರೂ ಇರಬೇಕು ಎಂಬ ಹಳೆಯ ಷರತ್ತನ್ನು ಕೈಬಿಟ್ಟಿತು. ಐದು ನಿಮಿಷ, ಏಳು ನಿಮಿಷ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಫೋನ್ ಮಾತೆಲ್ಲ ನಡೆಯುತ್ತಾ ಆಡಿ. ಮಧ್ಯಾಹ್ನ ಉಂಡ ಮೇಲೆ ಹತ್ತು ನಿಮಿಷ, ರಾತ್ರಿ ಮಕ್ಕಳ ಜೊತೆ ಹದಿನೈದು ನಿಮಿಷ. ವಾರಕ್ಕೆ ಎರಡು ದಿನ, ಮನೆಯಲ್ಲೇ ಹದಿನೈದು ನಿಮಿಷ ಸ್ನಾಯುಗಳಿಗೆ ಕೆಲಸ ಕೊಡಿ. ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ನೀರು ತುಂಬಿದ ಬಾಟಲಿ ಎತ್ತುವುದು. ತೂಕ ಇಳಿದಾಗ ಕೊಬ್ಬಿನ ಜೊತೆ ಸ್ನಾಯುವೂ ಸ್ವಲ್ಪ ಕರಗಿರುತ್ತದೆ, ಅದನ್ನು ಮತ್ತೆ ಕಟ್ಟಿಕೊಳ್ಳಬೇಕು.

ಈಗ ನಿಮ್ಮ ಮುಂದಿರುವ ದಾರಿಗಳು. 1,200 ಕ್ಯಾಲರಿಗೆ ವಾಪಸ್ ಹೋದರೆ ತೂಕ ಬೇಗ ಇಳಿಯುತ್ತದೆ, ನಿಜ. ಆದರೆ ಕೆಲಸ ಮತ್ತು ನಿದ್ದೆಗೇಡಿನ ಮಧ್ಯೆ ಅದು ಬಾಳುವುದಿಲ್ಲ. ಸ್ನಾಯು ಇನ್ನಷ್ಟು ಕರಗುತ್ತದೆ, ಕೂದಲು ಉದುರಬಹುದು, ತೂಕ ತೀರಾ ವೇಗವಾಗಿ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವೂ ಇದೆ. ಕೊನೆಗೆ ಒಂದು ರಾತ್ರಿ ಕಟ್ಟು ಒಡೆದು ಬೇಕಾಬಿಟ್ಟಿ ತಿನ್ನುವ ಹಾಗಾಗುತ್ತದೆ. ನಾನು ಬೇಡ ಎನ್ನುತ್ತೇನೆ.

ಇಂಜೆಕ್ಷನ್ ಬಗ್ಗೆ ನನಗೆ ತಾತ್ಸಾರ ಇಲ್ಲ. ಸೆಮಾಗ್ಲುಟೈಡ್‌ನಂಥ ಔಷಧಿಗಳು ಹಸಿವನ್ನು ನಿಜಕ್ಕೂ ತಗ್ಗಿಸುತ್ತವೆ, ಬೊಜ್ಜಿನಿಂದ ಕಾಯಿಲೆ ಬಿದ್ದವರಿಗೆ ದೊಡ್ಡ ನೆರವು. ಆದರೆ ಇವು ನಿಲ್ಲಿಸದೆ ತೆಗೆದುಕೊಳ್ಳಬೇಕಾದ ಔಷಧಿ. ಅವನ್ನು ನಿಲ್ಲಿಸಿದವರಿಗೆ ಒಂದು ವರ್ಷದೊಳಗೆ, ಇಳಿದ ತೂಕದಲ್ಲಿ ಮೂರನೇ ಎರಡು ಭಾಗ ವಾಪಸ್ ಬಂತು ಎಂದು 2022ರ ವರದಿ ಹೇಳುತ್ತದೆ. ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ. ಮೇದೋಜೀರಕ ಗ್ರಂಥಿಯ ಉರಿಯೂತ ಆಗಿದ್ದವರು, ಮಗು ಬೇಕೆಂದಿರುವವರು ಮೊದಲೇ ಡಾಕ್ಟರಿಗೆ ಹೇಳಬೇಕು. ನಿಮ್ಮ ಸಕ್ಕರೆ ಈಗ ಸರಿ ಇದೆ, ತೂಕ ಏರಲು ಕಾರಣವೂ ಕಣ್ಣೆದುರೇ ಇದೆ. ಆ ಕಾರಣಗಳನ್ನು ಸರಿಪಡಿಸಿ ನೋಡದೆ ಔಷಧಿಗೆ ಹೋಗುವುದು ಅವಸರ ಎಂದು ನನ್ನ ಅಭಿಪ್ರಾಯ. ಅದನ್ನೆಲ್ಲ ಮಾಡಿದ ಮೇಲೂ ಏರುತ್ತಲೇ ಹೋದರೆ ಆಗ ಡಾಕ್ಟರ ಜೊತೆ ಮಾತಾಡಿ, ನಾಚಿಕೆಪಡಬೇಡಿ.

ನಾನು ಹೇಳುವುದು ಮೂರನೇ ದಾರಿ. ಮುಂದಿನ ಮೂರು ತಿಂಗಳು ಇಳಿಸುವ ಮಾತೇ ಬೇಡ. 72ರಲ್ಲಿ ನಿಲ್ಲಿಸುವುದಷ್ಟೇ ಗುರಿ. ಏರುತ್ತಿರುವುದನ್ನು ನಿಲ್ಲಿಸುವುದೂ ಗೆಲುವೇ. ಅದಾದ ಮೇಲೆ, ಜೀವನ ಒಂದು ಹದಕ್ಕೆ ಬಂದಾಗ, ಬೇಕೆಂದರೆ ತಿಂಗಳಿಗೆ ಅರ್ಧ-ಒಂದು ಕೆ.ಜಿ.ಯಂತೆ ನಿಧಾನವಾಗಿ ಇಳಿಸಬಹುದು. 70ರಲ್ಲಿ ನೆಮ್ಮದಿಯಾಗಿ ಇರಲು ಆಗುತ್ತದೆ, 68ಕ್ಕೆ ದಿನವೂ ಒದ್ದಾಡಬೇಕು ಎಂದಾದರೆ 70 ನಿಮ್ಮ ತೂಕ ಎಂದುಕೊಳ್ಳಿ. ಈ ದಾರಿಯಲ್ಲೂ ಒಂದು ಅಪಾಯ ಇದೆ. ನಿಧಾನವಾಗಿರುವುದರಿಂದ ಗಮನ ತಪ್ಪಿ 72 ಸದ್ದಿಲ್ಲದೆ 75 ಆಗಬಹುದು.

ಅದಕ್ಕೆ ತೂಕದ ಮೆಷಿನ್ ಬೇಕು, ಆದರೆ ದಿನಕ್ಕೆ ಎರಡು ಸಲ ಬೇಡ. ಬೆಳಿಗ್ಗೆಗಿಂತ ರಾತ್ರಿ ಒಂದು ಕೆ.ಜಿ. ಹೆಚ್ಚು ತೋರಿಸುವುದು ಸಹಜ. ಉಪ್ಪು ಜಾಸ್ತಿ ತಿಂದ ಮರುದಿನ, ಮುಟ್ಟಿನ ಮುಂಚೆ, ಒಂದೆರಡು ಕೆ.ಜಿ. ನೀರಿನ ತೂಕವೇ ಏರುತ್ತದೆ. ಬೆಳಿಗ್ಗೆ ಎದ್ದು ಶೌಚ ಮುಗಿಸಿ ಒಮ್ಮೆ ನೋಡಿ, ಬರೆದಿಡಿ, ವಾರದ ಸರಾಸರಿಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ದಿನವೂ ನೋಡಿ ಮನಸ್ಸು ಕೆಡುವುದಾದರೆ ವಾರಕ್ಕೊಮ್ಮೆ ಸಾಕು. ಸರಾಸರಿ ಒಂದೂವರೆ ಕೆ.ಜಿ. ಏರಿತು ಎಂದರೆ ಎಚ್ಚರಿಕೆಯ ಗೆರೆ. ಆಗ ಮಧ್ಯಾಹ್ನದ ಊಟ, ಸಂಜೆಯ ತಿಂಡಿ, ನಿದ್ದೆ ಇವುಗಳಲ್ಲಿ ಯಾವುದು ತಪ್ಪಿದೆ ಎಂದು ಹುಡುಕಿ. 2.3 ಕೆ.ಜಿ. ದಾಟಿದರೆ ಯಾರದಾದರೂ ಸಹಾಯ ಕೇಳಿ. ಈ ಗೆರೆಗಳನ್ನು ನಾನು ಊಹಿಸಿ ಹೇಳುತ್ತಿಲ್ಲ. 2006ರಲ್ಲಿ 314 ಜನರ ಮೇಲೆ ಇದೇ ಕ್ರಮವನ್ನು ಪರೀಕ್ಷಿಸಿದ್ದಾರೆ. ಹದಿನೆಂಟು ತಿಂಗಳಲ್ಲಿ, ಬರೀ ಪತ್ರಿಕೆಯ ಮೂಲಕ ಮಾಹಿತಿ ಪಡೆದ ಗುಂಪಿನಲ್ಲಿ ಶೇ. 72 ಜನ 2.3 ಕೆ.ಜಿ. ಅಥವಾ ಅದಕ್ಕಿಂತ ಹೆಚ್ಚು ಏರಿದರು. ಹೀಗೆ ಗೆರೆ ಇಟ್ಟುಕೊಂಡು, ನೇರವಾಗಿ ಭೇಟಿಯಾಗಿ ಸಲಹೆ ಪಡೆದವರಲ್ಲಿ ಅಷ್ಟು ಏರಿದವರು ಶೇ. 46 ಮಾತ್ರ.

ಇಷ್ಟೆಲ್ಲ ಒಟ್ಟಿಗೆ ಶುರು ಮಾಡಬೇಡಿ. ಮೊದಲ ಎರಡು ವಾರ ಮಧ್ಯಾಹ್ನದ ಊಟ ಮತ್ತು ಐದೂವರೆಯ ತಿಂಡಿ, ಇವೆರಡೇ. ಮುಂದಿನ ಎರಡು ವಾರ ಒಂದೇ ಅಡುಗೆ. ಆಮೇಲೆ ನಿದ್ದೆ, ಆಮೇಲೆ ಓಡಾಟ. ಒಂದು ಹೊಸ ರೂಢಿ ಮೈಗೆ ಹತ್ತಲು ಸರಾಸರಿ 66 ದಿನ ಬೇಕಾಯಿತು ಎಂದು ಲಂಡನ್ನಿನ ಅಧ್ಯಯನವೊಂದು ಹೇಳಿತ್ತು. ಕೆಲವರಿಗೆ 18 ದಿನವೇ ಸಾಕಾಯಿತು, ಇನ್ನು ಕೆಲವರಿಗೆ 254 ದಿನ ಬೇಕು ಎಂಬ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದರೂ ರೂಢಿ ಕೆಡಲಿಲ್ಲ ಎಂಬುದೂ ಅದರಲ್ಲೇ ಇದೆ.

ಇದರ ಜೊತೆಗೆ ಒಮ್ಮೆ ಡಾಕ್ಟರನ್ನು ಕಂಡು ಥೈರಾಯ್ಡ್, ರಕ್ತದ ಹಿಮೋಗ್ಲೋಬಿನ್, ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿಕೊಳ್ಳಿ. ಈ ಐದು ತಿಂಗಳಲ್ಲಿ ಯಾವುದಾದರೂ ಹೊಸ ಮಾತ್ರೆ ಶುರುವಾಗಿದ್ದರೆ ಹೇಳಿ, ಸ್ಟೀರಾಯ್ಡ್ ಮತ್ತು ಕೆಲವು ಮಾನಸಿಕ ಚಿಕಿತ್ಸೆಯ ಔಷಧಿಗಳಿಂದ ತೂಕ ಏರುತ್ತದೆ. ಮುಟ್ಟು ಏರುಪೇರಾಗಿದ್ದರೆ, ಜೋರಾಗಿ ಗೊರಕೆ ಬರುತ್ತಿದ್ದರೆ ಅದನ್ನೂ ಹೇಳಿ. ಏಳೂವರೆಯ ತಿನ್ನುವಿಕೆ ಬರೀ ಹಸಿವಾಗಿರದೆ, ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದೆ, ಹೊಟ್ಟೆ ನೋಯುವವರೆಗೆ ತಿಂದು ಆಮೇಲೆ ಅಸಹ್ಯಪಡುವಂತೆ ವಾರಕ್ಕೊಮ್ಮೆಯಾದರೂ ಆಗುತ್ತಿದ್ದರೆ, ಅದಕ್ಕೆ ಡಯಟ್ ಮದ್ದಲ್ಲ. ಅದು ಚಿಕಿತ್ಸೆ ಇರುವ ಒಂದು ತೊಂದರೆ, ಮನೋವೈದ್ಯರು ಅಥವಾ ಆಪ್ತ ಸಲಹೆಗಾರರನ್ನು ಕಾಣಬೇಕು. ಹಾಗಿದ್ದರೆ ತೂಕದ ಲೆಕ್ಕವನ್ನೆಲ್ಲ ಬದಿಗಿಟ್ಟು ಮೊದಲು ಅಲ್ಲಿಗೆ ಹೋಗಿ.